ರಿಪೇರಿಗೆ ಕೊಟ್ಟ ಅಂಬಾಸಿಡರ್ ಡಿಸ್ಟ್ರಿಬ್ಯೂಟರ್ ಬದಲಿಗೆ ಕೇಳದೆ ಹೊಸದನ್ನು ಹಾಕಿದ್ದರ ವಿರುದ್ಧ ದೂರು

ಇವರಿಗೆ,
ವ್ಯವಸ್ಥಾಪಕರು,
ಆಟೋ ಇಲೆಕ್ಟ್ರಿಕಲ್ ಸರ್ವಿಸ್ ವಿಭಾಗ,
ಹುಬ್ಬಳ್ಳಿ

ವಿಷಯ: ಹಳೆಯ ಡಿಸ್ಟ್ರಿಬ್ಯೂಟರ್ ಮರಳಿಸಿ, ಒಪ್ಪಿಕೊಂಡ ಕೆಲಸ ಮಾಡಿಕೊಡುವ ಬಗ್ಗೆ

ಮಾನ್ಯರೇ,

ಅಂಬಾಸಿಡರ್ ಮಾರ್ಕ್ 4, 1489 ಸಿಸಿ ಪೆಟ್ರೋಲ್ ಗಾಡಿಯ ಲೂಕಾಸ್ ಡಿಸ್ಟ್ರಿಬ್ಯೂಟರನ್ನು (ಸಿಲಿಂಡರುಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಭಾಗ) ರೀಕಂಡೀಶನ್ ಮಾಡಲು ನಿಮ್ಮಲ್ಲಿ ಕೊಟ್ಟಿದ್ದೆ. ಜಾಬ್ ಕಾರ್ಡಿನಲ್ಲಿ ಬರೆದದ್ದು ಮೂರು ಕೆಲಸ: ಶಾಫ್ಟ್ ತಿರುಗುವ ಬುಷ್ ಬದಲಿಸುವುದು, ಎಂಜಿನ್ನಿನ ನಿರ್ವಾತದಿಂದ ಸ್ಪಾರ್ಕಿನ ಸಮಯ ಹೊಂದಿಸುವ ವ್ಯಾಕ್ಯೂಮ್ ಯೂನಿಟ್ ಪರೀಕ್ಷಿಸುವುದು, ಬೇಸ್ ಪ್ಲೇಟಿನ ಅರ್ತ್ ವೈರ್ ಹೊಸದು ಹಾಕುವುದು. ಒಪ್ಪಿದ ಮೊತ್ತ 3,200 ರೂಪಾಯಿ. ಆದರೆ ಮರಳಿ ಬಂದದ್ದು ಹೆಸರಿಲ್ಲದ ಹೊಸ ಡಿಸ್ಟ್ರಿಬ್ಯೂಟರ್, ಜೊತೆಗೆ 7,400 ರೂಪಾಯಿ ಬಿಲ್. ಹಳೆಯದು ಗಾಡಿಯಲ್ಲಿಯೂ ಇಲ್ಲ, ಡಿಕ್ಕಿಯಲ್ಲಿಯೂ ಇಲ್ಲ. ಬಿಲ್ಲಿನ ಮೇಲೆ ನೀವು ಕೊಟ್ಟ ಕಾರಣ ಒಂದೇ ಸಾಲು: ‘ಹಳೇದು ಸವೆದಿದೆ, ರಿಪೇರಿ ಆಗುವುದಿಲ್ಲ.’

ಈ ಸಾಲನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂಬುದನ್ನು ಅಳತೆ ಸಹಿತ ಬರೆಯುತ್ತಿದ್ದೇನೆ.

ಸವೆದಿದ್ದು ನಿಜ. ಅದಕ್ಕೇ ಕೊಟ್ಟದ್ದು. ಕೊಡುವ ಮೊದಲು ಡ್ವೆಲ್ ಮೀಟರ್ ಹಚ್ಚಿ, ಪಾಯಿಂಟುಗಳು (ಸ್ಪಾರ್ಕಿಗಾಗಿ ತೆರೆದು ಮುಚ್ಚುವ ಸ್ವಿಚ್) ಎಷ್ಟು ಡಿಗ್ರಿ ಮುಚ್ಚಿರುತ್ತವೆ ಎಂದು ನೋಡಿದ್ದೆ. 60 ಡಿಗ್ರಿಯ ಆಸುಪಾಸು, ಹೆಚ್ಚೆಂದರೆ 3 ಡಿಗ್ರಿ ಆಚೀಚೆ ನಿಲ್ಲಬೇಕಾದ ಮುಳ್ಳು, ಎಂಜಿನ್ ನಿಮಿಷಕ್ಕೆ 2,000 ಸುತ್ತಿಗೆ ಏರಿಸಿದಾಗ 53ರಿಂದ 62ರ ನಡುವೆ ಕುಣಿಯುತ್ತಿತ್ತು. ಶಾಫ್ಟಿನ ತುದಿಯ ರೋಟರ್ ತೆಗೆದು ಶಾಫ್ಟನ್ನು ಬೆರಳಿನಿಂದ ಅಡ್ಡ ತಳ್ಳಿದರೆ ಪಾಯಿಂಟ್ ಗ್ಯಾಪ್ ಕಣ್ಣಿಗೇ ಕಾಣುವಷ್ಟು ಹೆಚ್ಚುಕಡಿಮೆ ಆಗುತ್ತಿತ್ತು. ಇದು ಬುಷ್ ಸವೆತದ ಲಕ್ಷಣ. ಪಾಯಿಂಟಿನ ಸ್ಪ್ರಿಂಗ್ ಯಾವಾಗಲೂ ಒಂದೇ ಕಡೆ ಒತ್ತುವುದರಿಂದ ಮೆತ್ತನೆಯ ಕಂಚಿನ ಬುಷ್ ಆ ಕಡೆಗೆ ಮೊಟ್ಟೆಯಾಕಾರ ತಾಳುತ್ತದೆ. ಡಿಸ್ಟ್ರಿಬ್ಯೂಟರ್ ತಿರುಗುವುದು ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಹಾಗಾಗಿ ಅಲ್ಲಿ 2 ಡಿಗ್ರಿ ತಪ್ಪಿದರೆ ಸ್ಪಾರ್ಕ್ ಕ್ರ್ಯಾಂಕಿನ ಲೆಕ್ಕದಲ್ಲಿ 4 ಡಿಗ್ರಿ ತಪ್ಪುತ್ತದೆ.

ಪಾಯಿಂಟ್ ತೆರೆಸುವ ನಾಲ್ಕು ಮೂಲೆಯ ಕ್ಯಾಮ್ ಮಾತ್ರ ಬರೋಬ್ಬರಿ ಇತ್ತು. ಶಾಫ್ಟನ್ನು ಒಂದೇ ಬದಿಗೆ ಒತ್ತಿ ಹಿಡಿದು ನಾಲ್ಕೂ ಮೂಲೆಗಳ ಮೇಲೆ ಫೀಲರ್ ಗೇಜಿನಿಂದ ಅಳೆದಾಗ ನಾಲ್ಕರಲ್ಲೂ ಗ್ಯಾಪ್ 0.38 ಮಿ.ಮೀ. ಬಂದಿತ್ತು. ಬಾಡಿಯಲ್ಲಿ ಬಿರುಕು ಇರಲಿಲ್ಲ.

ಡಿಸ್ಟ್ರಿಬ್ಯೂಟರನ್ನು ರಿಪೇರಿಗೆ ಯೋಗ್ಯವಲ್ಲ ಎನ್ನಲು ಕಾರಣಗಳು ಕೆಲವೇ ಇವೆ. ಶಾಫ್ಟೇ ಗೀರು ಬಿದ್ದು ಸವೆದಿರಬೇಕು, ಕ್ಯಾಮಿನ ಮೂಲೆಗಳು ಒಂದಕ್ಕೊಂದು ಹೊಂದದಿರಬೇಕು, ಕ್ಲ್ಯಾಂಪ್ ಹಿಡಿಯುವ ಕಡೆ ಬಾಡಿ ಒಡೆದಿರಬೇಕು, ಇಲ್ಲವೇ ವೇಗ ಏರಿದಂತೆ ಹೊರಕ್ಕೆ ತೆರೆದು ಸ್ಪಾರ್ಕನ್ನು ಮುಂಚೆ ತರುವ ಒಳಗಿನ ತೂಕಗಳ ಪಿನ್‌ಗಳು ಸವೆದು ತೂತುಗಳು ದೊಡ್ಡದಾಗಿರಬೇಕು. ನನ್ನಿಂದ ನೋಡಲಾಗದೆ ಉಳಿದದ್ದು ಶಾಫ್ಟ್ ಮತ್ತು ತೂಕಗಳು. ಶಾಫ್ಟ್ ಹೊರಗೆ ತೆಗೆದು, ಬುಷ್ಷಿನಲ್ಲಿ ಓಡುವ ಭಾಗ ಮತ್ತು ಓಡದ ಭಾಗ ಎರಡನ್ನೂ ಮೈಕ್ರೋಮೀಟರಿನಿಂದ ಅಳೆದಿದ್ದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ಆ ಅಳತೆ ಕೊಡಿ ಎಂದು ಎರಡು ಸಲ ಕೇಳಿದೆ. ನಿಮ್ಮ ಕೌಂಟರಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಅಳೆಯದೆಯೇ ಕೈಬಿಟ್ಟಿದ್ದೀರಿ ಎಂದೇ ನಾನು ತಿಳಿಯಬೇಕಾಗಿದೆ.

ಈಗ ನೀವು ಹಾಕಿದ ಹೊಸದರ ಸಂಗತಿ. ಹಳೆಯದರ ಕ್ಯಾಮಿನ ಬುಡದಲ್ಲಿ 13 ಎಂದು ಒತ್ತಿತ್ತು. ಅಂದರೆ ತೂಕಗಳು ಪೂರ್ತಿ ತೆರೆದಾಗ ಡಿಸ್ಟ್ರಿಬ್ಯೂಟರಿನಲ್ಲಿ 13 ಡಿಗ್ರಿ, ಕ್ರ್ಯಾಂಕಿನಲ್ಲಿ 26 ಡಿಗ್ರಿ ಅಡ್ವಾನ್ಸ್ (ಸ್ಪಾರ್ಕ್ ಅಷ್ಟು ಮುಂಚೆ ಬರುವುದು). ಹೊಸದರ ಮೇಲೆ ಯಾವ ಅಂಕಿಯೂ ಇಲ್ಲ. ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಿ, ಪುಲ್ಲಿಗೆ ಡಿಗ್ರಿ ಪಟ್ಟಿ ಅಂಟಿಸಿ, ಟೈಮಿಂಗ್ ಲೈಟಿನಿಂದ ಅಳೆದೆ. ಸ್ಟ್ಯಾಟಿಕ್ (ಎಂಜಿನ್ ನಿಂತಾಗಿನ) ಟೈಮಿಂಗ್ 5 ಡಿಗ್ರಿ ಇಟ್ಟಾಗ ಒಟ್ಟು 39 ಬರುತ್ತದೆ. ಅಂದರೆ ತೂಕಗಳಿಂದಲೇ 34. ಅದೂ 1,600 ಸುತ್ತಿಗೇ ಪೂರ್ತಿ ಮುಗಿಯುತ್ತದೆ. ಕಾರಣ ಬೇಸ್ ಪ್ಲೇಟ್ ಬಿಚ್ಚಿದರೆ ಕಾಣುತ್ತದೆ: ಎರಡೂ ಸ್ಪ್ರಿಂಗ್ ಒಂದೇ ನಮೂನೆಯ ತೆಳು ಸ್ಪ್ರಿಂಗ್. ಹಳೆಯದರಲ್ಲಿ ಒಂದು ತೆಳು, ಇನ್ನೊಂದು ದಪ್ಪ. ದಪ್ಪದ್ದರ ಕೊಂಡಿ ಉದ್ದವಿದ್ದು, ಅದು ತಡವಾಗಿ ಬಿಗಿಯಾಗುತ್ತದೆ. ಮೊದಲು ಬೇಗ, ಆಮೇಲೆ ನಿಧಾನ ಎಂಬ ಏರಿಕೆ ಆ ಎರಡು ಸ್ಪ್ರಿಂಗುಗಳ ಫರಕಿನಿಂದಲೇ ಬರುವುದು.

ಇದರ ಫಲವಾಗಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಏರಿನಲ್ಲಿ, ನಾಲ್ಕು ಮಂದಿ ಕೂತಿದ್ದರೆ, ಎಂಜಿನ್ ಬಡಿಯುತ್ತದೆ (ನಾಕಿಂಗ್). ನಿಮ್ಮ ಮೆಕ್ಯಾನಿಕ್ ‘ವ್ಯಾಕ್ಯೂಮ್ ಜಾಸ್ತಿ ಎಳೀತದೆ, ಅಷ್ಟೇ’ ಎಂದರು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಬಹುತೇಕ ಇರುವುದೇ ಇಲ್ಲ. ಪೈಪ್ ಕಳಚಿ ಓಡಿಸಿದರೂ ಬಡಿತ ಹಾಗೇ ಇದೆ. ಆಮೇಲೆ ಬಾಡಿಯನ್ನು ತಿರುಗಿಸಿ ಟೈಮಿಂಗ್ ಹಿಂದಕ್ಕೆ ತಂದುಕೊಟ್ಟರು. ಬಡಿತ ಕಡಿಮೆಯಾಯಿತು, ಗಾಡಿಯ ಎಳೆತವೂ ಹೋಯಿತು. ಮೊದಲ ಗೇರಿನಲ್ಲಿ ಹೊರಡುವಾಗ ಎಂಜಿನ್ ಸಾಯುತ್ತದೆ. ಬಾಡಿ ತಿರುಗಿಸಿದರೆ ಆರಂಭದ ಬಿಂದು ಸರಿಯುತ್ತದೆಯೇ ಹೊರತು ಏರಿಕೆಯ ರೇಖೆ ಬದಲಾಗುವುದಿಲ್ಲ. ಬಡಿತವನ್ನು ಹೀಗೇ ಬಿಟ್ಟರೆ ಪಿಸ್ಟನ್ನಿಗೆ ಪೆಟ್ಟು. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇದರದ್ದೇ.

ಹೊಸ ವ್ಯಾಕ್ಯೂಮ್ ಯೂನಿಟ್ಟಿನ ಪೈಪ್ ಬಾಯಿಯಿಂದ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿದರೆ ಪ್ಲೇಟ್ ಎಳೆದಲ್ಲೇ ನಿಲ್ಲಬೇಕು. ನಿಲ್ಲುವುದಿಲ್ಲ, ಡಯಾಫ್ರಮ್ ಸೋರುತ್ತಿದೆ. ಇದನ್ನು ನಿಮ್ಮ ಕೌಂಟರಿನ ಮುಂದೆಯೇ ತೋರಿಸಬಲ್ಲೆ.

ಹಳೆಯದು ನಿಮ್ಮಲ್ಲಿ ಇದೆ ಎಂದು ನಂಬಿದ್ದೇನೆ. ಅದನ್ನು ಸ್ಪ್ರಿಂಗ್, ತೂಕ, ಕ್ಯಾಮ್, ವ್ಯಾಕ್ಯೂಮ್ ಯೂನಿಟ್ ಸಮೇತ ಮರಳಿಸಿ, ಜಾಬ್ ಕಾರ್ಡಿನಲ್ಲಿದ್ದ ಕೆಲಸ ಮಾಡಿಕೊಡಿ. ಬಿಚ್ಚುವ ಮೊದಲು ನಿಮ್ಮ ಮೆಕ್ಯಾನಿಕ್, ಶಾಫ್ಟನ್ನು ಎಂಜಿನ್ನಿಗೆ ಕೂಡಿಸುವ ಕೆಳಗಿನ ಡ್ರೈವ್ ಡಾಗ್ ಮತ್ತು ರೋಟರಿನ ದಿಕ್ಕಿಗೆ ಗುರುತು ಹಾಕಿಕೊಳ್ಳಲಿ. ಡಾಗ್ ತಿರುಗಾಮುರುಗಾ ಕೂತರೆ ರೋಟರ್ 180 ಡಿಗ್ರಿ ಆಚೆಗೆ ತೋರಿಸುತ್ತದೆ. ಹೊಸ ಬುಷ್ ಒಣಗಿದ್ದಾಗ ಬಡಿದು ಕೂರಿಸಬಾರದು. ರಂಧ್ರಗಳುಳ್ಳ ಕಂಚದು, ಎಂಜಿನ್ ಆಯಿಲಿನಲ್ಲಿ 24 ತಾಸು ನೆನೆಯಬೇಕು. ಅವಸರವಿದ್ದರೆ 100 ಡಿಗ್ರಿ ಸೆಲ್ಸಿಯಸ್ ಆಯಿಲಿನಲ್ಲಿ 2 ತಾಸು ಇಟ್ಟು, ಅದರಲ್ಲೇ ಆರಲು ಬಿಡಬೇಕು. ಒತ್ತುವಾಗ ನಯಗೊಳಿಸಿದ ಮ್ಯಾಂಡ್ರೆಲ್ (ಬುಷ್ ಒತ್ತುವ ಕೋಲು) ಬಳಸಲಿ. ಲೇತ್ ಇರುವ ಯಾವ ವರ್ಕ್‌ಶಾಪಿಗೂ ಇದು ದೊಡ್ಡ ಕೆಲಸವಲ್ಲ, ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೊಟ್ಟರೂ ಆಗುತ್ತದೆ.

ಕೆಲಸ ಮುಗಿದ ಮೇಲೆ ಐಡಲ್‌ನಲ್ಲಿ ಮತ್ತು 2,000 ಸುತ್ತಿನಲ್ಲಿ ಡ್ವೆಲ್ ಎಷ್ಟು ಎಂಬುದನ್ನು ಬಿಲ್ಲಿನ ಮೇಲೆ ಬರೆದುಕೊಡಿ. ಎರಡರ ನಡುವೆ 2 ಡಿಗ್ರಿಗಿಂತ ಹೆಚ್ಚು ಫರಕು ಇರಬಾರದು. ಹೊಸ ಡಿಸ್ಟ್ರಿಬ್ಯೂಟರ್ ಹಿಂದಕ್ಕೆ ಪಡೆದು 4,200 ರೂಪಾಯಿ ವ್ಯತ್ಯಾಸ ಮರಳಿಸಿ. ಬಿಚ್ಚಿದ ಮೇಲೆ ಶಾಫ್ಟ್ ನಿಜಕ್ಕೂ ಕೆಟ್ಟಿದ್ದರೆ ಮೈಕ್ರೋಮೀಟರ್ ಅಳತೆ ತೋರಿಸಿ. ಬದಲಿಸುವುದೋ ಬೇಡವೋ ಎಂಬುದನ್ನು ಆಗ ನಾನು ತೀರ್ಮಾನಿಸುತ್ತೇನೆ. ಹಳೆಯದನ್ನು ಗುಜರಿಗೆ ಹಾಕಿದ್ದರೆ ಅದನ್ನು ಲಿಖಿತವಾಗಿ ತಿಳಿಸಿ.

ಈ ಪತ್ರ ತಲುಪಿದ 15 ದಿನಗಳಲ್ಲಿ ಉತ್ತರ ಬರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆಯ ದೂರನ್ನು ಧಾರವಾಡ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸುತ್ತೇನೆ.

ಲಗತ್ತು: ಜಾಬ್ ಕಾರ್ಡ್ ಪ್ರತಿ, ಬಿಲ್ ಪ್ರತಿ, ಡ್ವೆಲ್ ಮತ್ತು ಟೈಮಿಂಗ್ ಅಳತೆಗಳ ಹಾಳೆ, ಹೊಸದರ ಸ್ಪ್ರಿಂಗುಗಳ ಫೋಟೊ.

ಇಂತಿ,
(ಸಹಿ)
ಗಾಡಿ ಮಾಲೀಕರು
ವಿದ್ಯಾನಗರ, ಹುಬ್ಬಳ್ಳಿ