ಅಜ್ಜನ ಅಂಗಡಿಯ ಪುಸ್ತಕ

ಪ್ರೀತಿಯ ತಂಗಿ,

ನಿನ್ನ ಅಜ್ಜನ ಬಗ್ಗೆ ನೀನು ಬರೆದು ಕಳಿಸಿದ ಎಂಟು ಪುಟಗಳನ್ನು ಎರಡು ಸಲ ಓದಿದೆ. ಅವರು ಹೋಗಿ ಇನ್ನೂ ಮೂರು ತಿಂಗಳಾಗಿಲ್ಲ, ಆ ಸಂಕಟ ಪ್ರತಿ ಸಾಲಿನಲ್ಲೂ ಇದೆ. ಆದರೆ ಎಂಟರಲ್ಲಿ ಏಳು ಪುಟ ಬರೀ ಯುದ್ಧ. ಅರಸೀಕೆರೆ ಪೇಟೆಯಲ್ಲಿ ಮೂವತ್ತು ವರ್ಷ ನಡೆಸಿದ ರೇಡಿಯೋ ರಿಪೇರಿ ಅಂಗಡಿಗೆ ಒಂದೇ ಸಾಲು: "ನಿವೃತ್ತಿಯ ನಂತರ ಚಿಕ್ಕ ಅಂಗಡಿ ಇಟ್ಟು ಸಂಸಾರ ಸಾಗಿಸಿದರು."

1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆದ ಆ ಎರಡು ವಾರದ ಬಗ್ಗೆ ಅಜ್ಜ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ ಅಂತ ನೀನೇ ಹೇಳಿದ್ದೆ. ಹಾಗಿದ್ದ ಮೇಲೆ "ಗುಂಡಿನ ಸುರಿಮಳೆಯಲ್ಲಿ ನುಗ್ಗಿದರು" ಅನ್ನುವ ಮಾತು ಎಲ್ಲಿಂದ ಬಂತು? ಸಿನಿಮಾದಿಂದ ಬಂದಿದೆ, ತೆಗೆದುಬಿಡು.

ಇದೇ ತಪ್ಪು ನಾನೂ ಮಾಡಿದ್ದೇನೆ. ನನ್ನ ಸೋದರಮಾವ 1965ರ ಯುದ್ಧಕ್ಕೆ ಹೋಗಿ ಬಂದವರು, ಆಮೇಲೆ ಊರಲ್ಲಿ ಹಿಟ್ಟಿನ ಗಿರಣಿ ಹಾಕಿದರು. ಅವರು ತೀರಿಕೊಂಡಾಗ ನಾನು ಬರೆದ ಲೇಖನದಲ್ಲಿ ಕೈಗೆ ಬಂದೂಕು ಕೊಟ್ಟು ಟ್ಯಾಂಕಿನ ಎದುರು ನಿಲ್ಲಿಸಿದೆ. ಅವರು ಸೇನೆಯ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದವರು. ಅತ್ತೆ ಲೇಖನವನ್ನು ಓದಿಸಿಕೊಂಡು ಕೇಳಿ, "ಇವರು ಯಾರಪ್ಪಾ?" ಅಂದರು. ಇವತ್ತಿಗೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಯುದ್ಧದ ಬಗ್ಗೆ ಬರೆಯಲೇಬೇಡ ಅನ್ನುತ್ತಿಲ್ಲ. ಕೈಗೆ ಸಿಕ್ಕುವಷ್ಟು ಬರೆ. ಟ್ರಂಕಿನಲ್ಲಿರುವ ಪದಕಗಳನ್ನು ತೆಗೆದು ನೋಡು, ಅಂಚಿನಲ್ಲಿ ಅವರ ನಂಬರು, ಹೆಸರು ಕೆತ್ತಿರುತ್ತದೆ. ಸಂಗ್ರಾಮ್ ಪದಕ ಒಂದೇ ಇದ್ದರೆ ಅವರು ರಣರಂಗದಲ್ಲಿದ್ದರು ಅಂತ ಬರೆಯಬೇಡ. 1971ರ ಡಿಸೆಂಬರ್ 3ರಿಂದ ಮುಂದಿನ ವರ್ಷದ ಡಿಸೆಂಬರ್ 20ರವರೆಗೆ ಸೇವೆಯಲ್ಲಿದ್ದವರಿಗೆ ಕೊಟ್ಟ ಪದಕ ಅದು. ಪೂರ್ವಿ ಸ್ಟಾರ್ ಇದ್ದರೆ ಬಾಂಗ್ಲಾದ ಕಡೆ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ ಗಡಿ. ಅಜ್ಜ ಸಿಗ್ನಲ್ಸಿನವರು, ಅಂದರೆ ಸೇನೆಯ ಸಂದೇಶ ಕಳಿಸುವ ದಳದವರು ತಾನೇ? ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕದಲ್ಲಿರುವ ಅವರ ನಂಬರು ಹಾಕಿ, ಜಬಲ್ಪುರದ ಸಿಗ್ನಲ್ಸ್ ರೆಕಾರ್ಡ್ಸ್ ಕಚೇರಿಗೆ ಅಜ್ಜಿಯ ಹೆಸರಿನಲ್ಲಿ ಒಂದು ಕಾಗದ ಬರೆಸು.

ಇನ್ನು ಅಂಗಡಿ. ಫೋನಿನಲ್ಲಿ ಮಾತಾಡುತ್ತಾ ನೀನು ಒಂದು ಸಂಗತಿ ಹೇಳಿದೆ, ಬರಹದಲ್ಲಿ ಅದು ಇಲ್ಲವೇ ಇಲ್ಲ. ರಿಪೇರಿಗೆ ಬಂದ ಪ್ರತಿ ರೇಡಿಯೋವನ್ನೂ ಅಜ್ಜ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರಂತೆ. ತಾರೀಖು, ಯಾರದು, ಏನು ತೊಂದರೆ, ಜೊತೆಗೆ ಬಂದ ಹೊತ್ತು. ಸಂಜೆ ನಾಲ್ಕು ನಲವತ್ತಕ್ಕೆ "1640". ಅರಸೀಕೆರೆ ಪೇಟೆಯಲ್ಲಿ ಹಾಗೆ ಹೊತ್ತು ಬರೆಯುವ ಅಂಗಡಿಯವರು ಇನ್ಯಾರಿದ್ದರು? ವೈರ್‌ಲೆಸ್ ಸೆಟ್ಟಿನ ಮುಂದೆ ಕೂತವನು ಬಂದ ಸಂದೇಶ, ಹೋದ ಸಂದೇಶ ಎರಡನ್ನೂ ಹೊತ್ತು ಹಾಕಿ ಬರೆದಿಡಬೇಕು. ಸೇನೆ ಬಿಟ್ಟ ಮೇಲೂ ಅಜ್ಜ ಅದನ್ನೇ ಮಾಡಿದರು, ಯಾರದೋ ಮರ್ಫಿ ರೇಡಿಯೋದ ಕರ್‌ಕರ್ ಸದ್ದಿಗಾಗಿ. ಬಾಯಿ ಬಿಡದ ಮನುಷ್ಯ ಕೈಯಲ್ಲಿ ಬರೆದಿಟ್ಟಿದ್ದಾರೆ, ತಂಗಿ. ನಿನ್ನ ಬರಹ ಅಲ್ಲಿಂದ ಶುರುವಾಗಬೇಕು.

ಅವರ ಹತ್ತಿರ ಕೆಲಸ ಕಲಿತ ಹುಡುಗರು ಈಗ ಮೊಬೈಲ್ ಅಂಗಡಿ ಇಟ್ಟಿರಬಹುದು. ಹೋಗಿ ಅವರ ಜೊತೆ ಕೂತು ಮಾತಾಡು. "ಹೇಗಿದ್ದರು" ಅಂತ ಕೇಳಿದರೆ "ದೇವರಂಥವರು" ಅನ್ನುತ್ತಾರೆ, ಅದರಿಂದ ನಿನಗೇನೂ ಸಿಗುವುದಿಲ್ಲ. ಬೆಸುಗೆ ಹಾಕುವುದು ಹೇಗೆ ಹೇಳಿಕೊಟ್ಟರು, ಬೈದದ್ದು ಯಾವುದಕ್ಕೆ, ದುಡ್ಡಿಲ್ಲ ಅಂದವರ ರೇಡಿಯೋವನ್ನು ಇಟ್ಟುಕೊಂಡರೋ ಕೊಟ್ಟು ಕಳಿಸಿದರೋ, ಇಂಥದ್ದು ಕೇಳು. ಅಜ್ಜ ಸಿಡುಕಿನವರಾಗಿದ್ದರೆ ಅದನ್ನೂ ಬರೆ. ಅಜ್ಜಿ ಬೇಸರ ಮಾಡಿಕೊಳ್ಳುವುದಿಲ್ಲ, ಅವರಿಗೆ ಗೊತ್ತಿರುವ ಗಂಡ ಅವರಿಗೆ ಸಿಗಬೇಕು.

ಇನ್ನೊಂದು ಕೆಲಸ. ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದದ್ದು ಡಿಸೆಂಬರ್ 16ರಂದು. ಪುಸ್ತಕದಲ್ಲಿ ಪ್ರತಿ ವರ್ಷದ ಆ ತಾರೀಖು ತೆಗೆದು ನೋಡು. ಅಂಗಡಿ ತೆರೆದಿತ್ತೋ ಇಲ್ಲವೋ, ಎಷ್ಟು ರೇಡಿಯೋ ಬಂದವು, ಏನು ಬರೆದಿದ್ದಾರೆ. ಪೆನ್ಸಿಲಿನ ಅಕ್ಷರ ಅಂದೆಯಲ್ಲ, ಮೊದಲು ಎಲ್ಲ ಪುಟಗಳ ಫೋಟೋ ತೆಗೆದಿಡು. ಯುಗಾದಿಗೆ ಬರುವಾಗ ಪುಸ್ತಕ ತಾ, ಜೊತೆಗೆ ಕೂತು ಓದೋಣ.

ನಿನ್ನ,
ಅಣ್ಣ