ತಲೆನೋವಿನ ಗುಳಿಗೆ ಸಾಕು, ಇನ್ನು ಲೆಕ್ಕ ಹಾಕು

ಚಿ. ಸೌ. ತಂಗೆವ್ವಗೆ, ಗದಗದಿಂದ ನಿನ್ನ ದೊಡ್ಡವ್ವನ ಆಶೀರ್ವಾದ.

ಹುಬ್ಬಳ್ಳಿಯಿಂದ ಫೋನ್ ಮಾಡಿದಾಗಲೆಲ್ಲ ತಲೆನೋವು, ಸೊಂಟನೋವು, ಎದೆ ಡವಡವ ಅನ್ನುತ್ತೀಯ. ಮನಸ್ಸು ಹೇಗಿದೆ ಅಂದರೆ ಮಾತ್ರ "ಅದಕ್ಕೇನಾಗೇದ, ಚಲೋ ಐತಿ" ಅಂತ ಮಾತು ಮುಗಿಸುತ್ತೀಯ. ನರ್ಸ್ ಕೆಲಸದಲ್ಲಿ ಮುಂಡರಗಿ ಕಡೆಯ ಹಳ್ಳಿ ತಿರುಗುವಾಗಲೂ ನಾನು ಇದನ್ನೇ ನೋಡಿದ್ದು. ಬೇಸರ ಇದೆಯಾ ಅಂದರೆ ಯಾವ ಹೆಣ್ಣುಮಗಳೂ ಹ್ಞೂಂ ಅನ್ನುತ್ತಿರಲಿಲ್ಲ. ನಿದ್ದೆ ಬರುತ್ತಾ, ಊಟ ಸೇರುತ್ತಾ ಅಂದರೆ ಅರ್ಧ ತಾಸು ಮಾತಾಡುತ್ತಿದ್ದರು. ಪಾಕಿಸ್ತಾನ, ಬಾಂಗ್ಲಾದೇಶದ ಹೆಂಗಸರಲ್ಲೂ ಮನಸ್ಸಿನ ಸಂಕಟ ಹೀಗೇ ಮೈನೋವಾಗಿ ಹೊರಬರುತ್ತದೆ ಅಂತ ವೈದ್ಯರು ಹೇಳುತ್ತಾರೆ.

ಅದಕ್ಕೇ ಎರಡೂ ಕಡೆಯಿಂದ ನೋಡಬೇಕು. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ರಕ್ತ ಕಡಿಮೆಯಾದರೂ, ಥೈರಾಯ್ಡ್ ಕೈಕೊಟ್ಟರೂ ಸುಸ್ತು, ಬೇಸರ ಬರಬಹುದು. ಊಟದ ಬೆನ್ನಿಗೇ ಚಹಾ ಕುಡಿಯಬೇಡ, ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎಲ್ಲರದೂ ಆದ ಮೇಲೆ ಉಳಿದ ರೊಟ್ಟಿ ತಿನ್ನುವ ಚಟ ನಮ್ಮ ಮನೆತನದ್ದು. ಅದನ್ನೂ ಬಿಡು.

ಆಮೇಲೆ ಮನಸ್ಸು. ಖಿನ್ನತೆಯ ಲಕ್ಷಣ ಇದೆಯಾ ಅಂತ ನೋಡಲು ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರ ನಿದ್ದೆ, ಹಸಿವು, ಸುಸ್ತು, ಕೆಲಸದಲ್ಲಿ ಆಸಕ್ತಿ ಹೇಗಿತ್ತು, ನಾನು ಯಾವುದಕ್ಕೂ ಬಾರದವಳು ಅನ್ನಿಸಿತ್ತಾ, ಇಂಥವೇ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು 10 ಅಥವಾ ಜಾಸ್ತಿ ಆದರೆ ಡಾಕ್ಟರ್ ಹತ್ತಿರ ಕೂತು ಮಾತಾಡಬೇಕು. ರೋಗ ಇದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ಒಂಬತ್ತನೆಯ ಪ್ರಶ್ನೆ ಬದುಕೇ ಬೇಡ ಅನ್ನಿಸಿತ್ತಾ ಅಂತ. ಅದಕ್ಕೆ ಸ್ವಲ್ಪ ಹೌದು ಅನ್ನಿಸಿದರೂ ಅಂಕ ಕೂಡಿಸುತ್ತಾ ಕೂರಬೇಡ. ಆಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲು ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮರುಕ್ಷಣ ನನಗೂ ಮಾಡು, ಎಷ್ಟು ಹೊತ್ತಾಗಿದ್ದರೂ.

ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಿ. ಆದರೆ ಐದಕ್ಕೆ ಎದ್ದು ಹನ್ನೊಂದಕ್ಕೆ ಮಲಗುವವಳಿಗೆ ಉಣಕಲ್ ಕೆರೆ ಸುತ್ತಿ ಬಾ ಅನ್ನಲು ನನಗೆ ಬಾಯಿ ಬರುವುದಿಲ್ಲ. 2019ರ ಸರ್ಕಾರಿ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದರಲ್ಲೇ ಕಳೆಯುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಆ 97 ನಮ್ಮ ಮನೆಗಳಲ್ಲಿ ಯಾರದೋ, ದೇವರೇ ಬಲ್ಲ! ಸಂಜೆಯ ಪಾತ್ರೆ, ಮಕ್ಕಳ ಹೋಮ್‌ವರ್ಕ್ ಅಳಿಯಂದಿರಿಗೆ ಬಿಡು. ಒಳ್ಳೆಯವರೇ, ಹೇಳದೆ ಏಳುವುದಿಲ್ಲ ಅಷ್ಟೇ. ಉಳಿದ ಹೊತ್ತಲ್ಲಿ ಮೊದಲು ನಿದ್ದೆ, ನಡಿಗೆ ಆಮೇಲೆ.

ಧಾರವಾಡದ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಅಂದರೆ ನಿನ್ನ ಅತ್ತೆ ಹುಚ್ಚರ ದವಾಖಾನೆ ಅನ್ನುತ್ತಾರೆ. ಅನ್ನಲಿ. ನಿದ್ದೆ ಬಾರದವರು, ಬಾಣಂತನದಲ್ಲಿ ಅಳು ತಡೆಯಲಾಗದವರು ಕೂಡ ಅಲ್ಲಿಗೆ ಹೋಗಬಹುದು. ಅಂಕ ಜಾಸ್ತಿ ಬಂದರೆ ತಿಳಿಸು, ನಾನು ಹುಬ್ಬಳ್ಳಿಗೆ ಬರುತ್ತೇನೆ. ಇಬ್ಬರೂ ಚಿಗರಿ ಬಸ್ ಹತ್ತಿ ಹೋಗೋಣ. ಅತ್ತೆ ಕೇಳಿದರೆ ದೊಡ್ಡವ್ವನನ್ನು ತೋರಿಸಲು ಹೋಗಿದ್ದೆ ಅಂತ ಹೇಳು, ನನಗೇನೂ ಬೇಜಾರಿಲ್ಲ.

ನಿನ್ನ ದೊಡ್ಡವ್ವ