ನಕ್ಷೆ ಓದುವುದೆಂದರೆ ಚಿಹ್ನೆಗಳ ಬಾಯಿಪಾಠವಲ್ಲ

ಮಾನ್ಯ ಸಂಪಾದಕರೇ,

ನೆಲದ ಏರುತಗ್ಗು, ನದಿ, ಊರುಗಳನ್ನು ತೋರಿಸುವ ಸ್ಥಳಾಕೃತಿ ನಕ್ಷೆಯ ಪಾಠವು ಚಿಹ್ನೆಗಳನ್ನು ಉರುಹೊಡೆಸುವಲ್ಲಿಗೇ ನಿಲ್ಲುತ್ತಿರುವುದು ಬೇಸರದ ಸಂಗತಿ.

ಹೆಚ್ಚಿನವರು ಎಡವುವುದು ಕಣಿವೆಗೂ ಬೆಟ್ಟದಿಂದ ಹೊರಚಾಚಿದ ಏಣು ಎಂಬ ದಿಣ್ಣೆಗೂ ವ್ಯತ್ಯಾಸ ಗುರುತಿಸುವಾಗ. ಎರಡರಲ್ಲೂ ಸಮೋನ್ನತಿ ರೇಖೆ, ಅಂದರೆ ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಗೆರೆ, ಬಾಣದ ಮೊನೆಯಂತೆ ಬಾಗುತ್ತದೆ. ಮೊನೆ ಎತ್ತರದ ಕಡೆಗಿದ್ದರೆ ಕಣಿವೆ, ತಗ್ಗಿನ ಕಡೆಗಿದ್ದರೆ ಏಣು. ಆಕಾರ ನೋಡಿ ಊಹಿಸದೆ ರೇಖೆಯ ಮೇಲಿನ ಅಂಕಿಗಳನ್ನು ಓದಬೇಕು. ತೊರೆಯನ್ನು ತೋರಿಸುವ ನೀಲಿ ಗೆರೆ ಮೊನೆಯ ಮೂಲಕವೇ ಹಾದಿದ್ದರೆ ಅದು ಕಣಿವೆಯೇ, ಅನುಮಾನ ಬೇಡ.

ಇಳಿಜಾರನ್ನು 'ಕಡಿದು' ಎಂದು ಬರೆದರೆ ಸಾಲದು, ಲೆಕ್ಕ ಬೇಕು. 1:50,000 ಪ್ರಮಾಣದಲ್ಲಿ (ನಕ್ಷೆಯ 1 ಮಿ.ಮೀ. ಎಂದರೆ ನೆಲದ 50 ಮೀಟರ್), 20 ಮೀಟರ್ ಎತ್ತರದ ವ್ಯತ್ಯಾಸವಿರುವ ಎರಡು ರೇಖೆಗಳ ನಡುವೆ 4 ಮಿ.ಮೀ. ಇದ್ದರೆ ನೆಲದ ಮೇಲೆ 200 ಮೀಟರ್. ಅಂದರೆ 10ಕ್ಕೆ 1ರ ಇಳಿಜಾರು. ನಕಲು ಯಂತ್ರದಲ್ಲಿ ಹಿಗ್ಗಿಸಿದ ಪ್ರತಿಗೆ ಈ ಅನುಪಾತ ಸುಳ್ಳಾಗುತ್ತದೆ. ಅಲ್ಲಿ ನಕ್ಷೆಯ ಜೊತೆಗೇ ಹಿಗ್ಗಿರುವ ರೇಖಾಮಾಪಕವನ್ನು, ಅಂದರೆ ದೂರ ಅಳೆಯಲು ಮುದ್ರಿಸಿದ ಗೆರೆಯನ್ನು, ಬಳಸಬೇಕು.

ಇನ್ನು ವಸತಿ. ಸಾಲುಮನೆಗಳ ಊರಿಗೆ ಕಾರಣ ಹೇಳದೆ 'ರೇಖಾಕಾರ' ಎಂದಷ್ಟೇ ಬರೆದ ಉತ್ತರಕ್ಕೆ ಪೂರ್ಣ ಅಂಕ ಕೊಡುವುದು ತಪ್ಪು. ನದಿ ಬಯಲಿನ ಅಂಚಿನಲ್ಲಿ ಒಂದೇ ಎತ್ತರಕ್ಕೆ ಮನೆಗಳು ಸಾಲುಗಟ್ಟಿದ್ದರೆ ನೆರೆಯ ಭಯ ಕಾರಣವಿರಬಹುದು. ಬೆಟ್ಟದ ಬುಡದಲ್ಲಾದರೆ ಒರತೆಯ ಗುರುತು ಹುಡುಕಬೇಕು. ನಕ್ಷೆಯ ಅಂಚಿನಲ್ಲಿ ಮುದ್ರಿಸಿದ ಸರ್ವೇಕ್ಷಣೆಯ ವರ್ಷವನ್ನೂ ವಿದ್ಯಾರ್ಥಿಗಳು ದಾಖಲಿಸಲಿ. ಊರಿನ ವಿಸ್ತಾರ ಆ ವರ್ಷದ್ದು, ಇಂದಿನದಲ್ಲ.

– ಭೂಗೋಳ ಶಿಕ್ಷಕರು